ಗೆಳೆಯನಿಗೊಂದು ಪತ್ರ: ಅಪ್ಪಯ್ಯನ ಫೋನು

ಪ್ರಿಯ ಗೊಜ್ಜು,

ಇದನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ಹೆಬ್ಬೆರಳೊಂದನ್ನು ಎತ್ತಿ ತೋರಿಸಿ ಸುಮ್ಮನಾಗುತ್ತೀಯ ಎಂಬುದು ಇಪ್ಪತ್ತೈದು ವರ್ಷದ ಅನುಭವ. ನಾಲ್ಕು ಜನರ ಮುಂದೆ ಬರೆದರೆ ಮಾನಕ್ಕೆ ಅಂಜಿಯಾದರೂ ಉತ್ತರ ಕೊಡುತ್ತೀಯ. ಉಳಿದವರು ಬೇಕಾದರೆ ಓದಿಕೊಳ್ಳಿ.

ಶಿವಮೊಗ್ಗದಲ್ಲಿ ಮಳೆ ಹಿಡಿದು ಕೂತಿದೆ. ತುಂಗೆಯ ಮಂಟಪ ಮುಳುಗಿತೋ ಇಲ್ಲವೋ ಎಂದು ನೋಡಲು ಜನ ಕೊಡೆ ಹಿಡಿದು ಹೊಳೆಯ ಕಡೆ ಹೋಗುತ್ತಿದ್ದಾರೆ. ನಾನು ಮುಳುಗಿ ಮೂರು ತಿಂಗಳಾಯಿತು: ಅಪ್ಪಯ್ಯನಿಗೊಂದು ಫೋನು ಆರಿಸುವುದರಲ್ಲಿ.

ಹಳೆಯದನ್ನು ನೀನು ದೀಪಾವಳಿಗೆ ಬಂದಾಗ ನೋಡಿದ್ದೀಯಲ್ಲ. ಗಾಜು ಜೇಡನ ಬಲೆಯಾಗಿದೆ, ಚಾರ್ಜರ್ ಚುಚ್ಚುವ ತೂತಿನ ಸುತ್ತ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಮೈಲುತುತ್ತದ ನೀಲಿ ಕಟ್ಟಿದೆ, ಬ್ಯಾಟರಿ ಮಧ್ಯಾಹ್ನದ ಊಟಕ್ಕೆ ಮೊದಲೇ ಮಲಗುತ್ತದೆ. ಅಂಗಡಿಗೆ ಹೋಗಿ ಒಂದು ತಂದಿದ್ದರೆ ಮುಗಿಯುತ್ತಿತ್ತು. ನಾನು ಕೋಷ್ಟಕ ಮಾಡಿದೆ. ಮೂರು ಫೋನು, ಹದಿನಾಲ್ಕು ಸಾಲು. ನಗು, ನಗು.

ಎಷ್ಟೆಲ್ಲ ಕಲಿತೆ ಗೊತ್ತೇ? ಡಬ್ಬದ ಮೇಲೆ 50 ಮೆಗಾಪಿಕ್ಸೆಲ್ ಎಂದು ದಪ್ಪಕ್ಷರವಿರುತ್ತದೆ. ಸಾಮಾನ್ಯವಾಗಿ ಅದು ನಾಲ್ಕು ಚುಕ್ಕೆ ಸೇರಿಸಿ ಒಂದು ಮಾಡಿ ಕೈಗೆ ಕೊಡುವುದು ಹನ್ನೆರಡೂವರೆ. ಹಸಿ ಅಡಿಕೆ ತೂಗಿ ಒಣ ಅಡಿಕೆಯ ಲೆಕ್ಕ ಹೇಳಿದ ಹಾಗೆ. ಐಪಿ67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ಐಪಿ64 ಆದರೆ ಎರಚಿದ ನೀರಿಗೆ ಮಾತ್ರ. ಕೊಳೆ ಔಷಧಿಯ ದ್ರಾವಣದಲ್ಲಿ ಬಿದ್ದರೆ ಎಷ್ಟು ಹೊತ್ತು ಎಂದು ಯಾವ ಡಬ್ಬದ ಮೇಲೂ ಬರೆದಿಲ್ಲ. ಸಿಗ್ನಲ್ಲಿನ ಸಾಲಿಗೆ ಒಂದು ವಾರ ಹಿಡಿಯಿತು. 700 ಮೆಗಾಹರ್ಟ್ಸ್‌ನ ತರಂಗ ದೂರ ನಡೆಯುತ್ತದೆ, ಮರಗಳ ಸಂದಿಯಲ್ಲಿ ನುಸುಳುತ್ತದೆ. 5ಜಿಗೆ ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಸುವ 3300ರದ್ದು ಓಟದ ಕುದುರೆ, ಗುಡ್ಡ ಅಡ್ಡ ಬಂದರೆ ಅಲ್ಲೇ ನಿಲ್ಲುತ್ತದೆ. ಊರಿನ ಮನೆಯಲ್ಲಿ ದಣಪೆ (ಬೇಲಿಯ ಗೇಟು) ದಾಟಿ ಹಲಸಿನ ಮರಕ್ಕೆ ಒರಗಿದರೆ ಎರಡು ಕಡ್ಡಿ, ಜಗಲಿಯಲ್ಲಿ ಸೊನ್ನೆ. ಸಿಗ್ನಲ್ ಕ್ಷೀಣವಾದಷ್ಟೂ ಫೋನು ಟವರನ್ನು ಜೋರಾಗಿ ಕೂಗುತ್ತದೆ, ಬ್ಯಾಟರಿ ಬೇಗ ಕುಡಿಯುತ್ತದೆ. ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದಿದ್ದಾಗ 5000 ಎಂಎಎಚ್‌ನ ಬ್ಯಾಟರಿ ಕೂಡ ಸಾಲದು ಎಂಬುದು ನನ್ನ ಲೆಕ್ಕ.

ಇದನ್ನೆಲ್ಲ ಅಪ್ಪಯ್ಯನಿಗೆ ಫೋನಿನಲ್ಲಿ ವರದಿ ಮಾಡುತ್ತಿದ್ದೆ. ಅವರು ಕೇಳಿದ್ದು ಒಂದೇ: ಟಾರ್ಚ್ ಇದೆಯೇ? 2003ರಲ್ಲಿ ಬಂದ ನೋಕಿಯಾ 1100 ಅವರ ಪಾಲಿಗೆ ಕರೆ ಮಾಡಲು ಬರುವ ಟಾರ್ಚು, ಅಲ್ಲಿಂದ ಮುಂದಿನದೆಲ್ಲ ಅಲಂಕಾರ. ಒಂದು ದಿನ ಉತ್ಸಾಹದಲ್ಲಿ, ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎ26ಕ್ಕೆ ಆರು ವರ್ಷ ಅಪ್‌ಡೇಟ್ ಸಿಗುತ್ತದಂತೆ, ಗೂಗಲ್‌ನವರು ಪಿಕ್ಸೆಲ್ 8ರಿಂದ ಏಳು ವರ್ಷ ಎನ್ನುತ್ತಿದ್ದಾರೆ ಎಂದು ವಿವರಿಸಿದೆ.

"ಫೋನಿಗೆ ಆರು ವರ್ಷವಾಯಿತು. ತೋಟಕ್ಕೆ?" ಎಂದರು.

ನಾನು ಬ್ಯಾಟರಿಯ ಸಾಲಿಗೆ ಹೋದೆ.

(ನಡುವೆ ಎರಡು ವಾರ ನಾಲ್ಕನೆಯ ಫೋನೊಂದು ಕೋಷ್ಟಕಕ್ಕೆ ನುಗ್ಗಿತ್ತು. ಅದು ಅಪ್ಪಯ್ಯನಿಗಲ್ಲ. ನನ್ನ ಈಗಿನದನ್ನು ಅವರಿಗೆ ದಾಟಿಸಿ ನಾನು ಅದನ್ನು ಕೊಳ್ಳುವ ಹುನ್ನಾರ. ಹೆಂಡತಿ ಒಂದು ಸಲ ನೋಡಿದಳು, ಮಾತಾಡಲಿಲ್ಲ. ಅಳಿಸಿದೆ.)

ಕೊನೆಗೆ ಹೋದ ವಾರ ಕಣ್ಣು ತೋರಿಸಲು ಬಂದವರನ್ನು ಹಾಗೆಯೇ ನೆಹರು ರಸ್ತೆಗೆ ಕರೆದುಕೊಂಡು ಹೋದೆ. ಅಂಗಡಿಯ ಹುಡುಗ ಬೆರಳಚ್ಚು ಇಡಿ ಎಂದ. ಅಪ್ಪಯ್ಯ ಹೆಬ್ಬೆರಳು ಇಟ್ಟರು. ಒಪ್ಪಲಿಲ್ಲ. ಹುಡುಗ ಬಟ್ಟೆಯಿಂದ ಒರೆಸಿ ಮತ್ತೆ ಇಡಿಸಿದ. ತೋರುಬೆರಳು, ನಡುಬೆರಳು, ಎಡಗೈ. ಬೇರೆ ಎರಡು ಫೋನುಗಳಿಗೂ ಅಷ್ಟೇ. ಫೋನುಗಳ ತಪ್ಪಲ್ಲ. ಐವತ್ತು ವರ್ಷದ ಅಡಿಕೆ ಚೊಗರು, ಸುಣ್ಣ, ಕತ್ತಿಯ ಹಿಡಿ ಎಲ್ಲ ಸೇರಿ ಆ ಬೆರಳುಗಳ ಗೆರೆಗಳನ್ನು ಉಜ್ಜಿ ಹಾಕಿವೆ. ತುದಿ ನುಣುಪಾಗಿ ಹೊಳೆಯುತ್ತದೆ, ಅದರ ಮೇಲೆ ಅಡ್ಡಡ್ಡ ಕಪ್ಪು ಬಿರುಕು. "ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೂ ನನ್ನ ಗುರುತಿಲ್ಲ" ಎಂದು ನಕ್ಕರು. ಹುಡುಗ ನನ್ನ ಕಡೆ ತಿರುಗಿ, "ಸರ್, ನಿಮ್ಮದು ಇಡಿ" ಎಂದ. ಇಟ್ಟೆ. ತಟ್ಟನೆ ಒಪ್ಪಿತು. ಒಂದು ಗೆರೆಯೂ ಸವೆಯದ ಬೆರಳು, ಗೊಜ್ಜು. ಯಾಕೋ ಕೈಯನ್ನು ಕಿಸೆಗೆ ಹಾಕಿಕೊಂಡೆ.

ಬಿಲ್ಲಿನಲ್ಲಿ ಜಿಎಸ್‌ಟಿ ನೋಡಿ, "ಅಡಿಕೆಗೆ 5, ಇದಕ್ಕೆ 18" ಎಂದು ಮಾತ್ರ ಗೊಣಗಿದರು.

ರಾತ್ರಿ ಅವರು ಮಲಗಿದ ಮೇಲೆ ಹಳೆಯದರಿಂದ ಹೊಸದಕ್ಕೆ ಎಲ್ಲವನ್ನೂ ದಾಟಿಸಲು ಕೂತೆ. ಕರೆಗಳ ಪಟ್ಟಿ ನೋಡಬಾರದಿತ್ತು. ನೋಡಿದೆ.

"ಗೊಜ್ಜು ಮಾಣಿ." ಭಾನುವಾರ ಸಂಜೆ, 22 ನಿಮಿಷ. ಅದರ ಹಿಂದಿನ ಭಾನುವಾರ, 18. ಅದರ ಹಿಂದೆ, 31. ಬೆರಳು ಸೋಲುವ ತನಕ ಮೇಲಕ್ಕೆ ಸರಿಸಿದೆ, ನೀನು ಬರುತ್ತಲೇ ಇದ್ದೆ. ಹೆಚ್ಚಿನವು ಅವರೇ ಮಾಡಿದ್ದು. ಎಂದರೆ ಆ ಮಳೆಯಲ್ಲಿ ದಣಪೆ ದಾಟಿ, ಹಲಸಿನ ಮರದ ಬುಡದಲ್ಲಿ ಕೊಡೆ ಹಿಡಿದು ನಿಂತು. ನಡುನಡುವೆ "ಶಿವಮೊಗ್ಗ" ಎಂದೊಂದು ಹೆಸರು. 1 ನಿಮಿಷ 40 ಸೆಕೆಂಡು. 52 ಸೆಕೆಂಡು. ಶಿವಮೊಗ್ಗದಲ್ಲಿ ಯಾರಿರಬಹುದು ಎಂದು ಯೋಚಿಸಿದೆ. ನಾನೇ. ಅಷ್ಟೂ ನಾನು ಮಾಡಿದ ಕರೆಗಳು, ಮೆಗಾಪಿಕ್ಸೆಲ್ ವರದಿಗಳು. ಅವರಾಗಿ ನನಗೆ ಮಾಡಿದ್ದು ಎರಡು. 4 ಸೆಕೆಂಡು, 7 ಸೆಕೆಂಡು. ನನಗೆ ನೆನಪಿದೆ, ಎರಡೂ ಕೈತಪ್ಪಿ ಒತ್ತಿದವು.

ಮೊದಲು ಬಂದದ್ದು ಕೃತಜ್ಞತೆಯಲ್ಲ, ಹೊಟ್ಟೆಯುರಿ. ಆಮೇಲೆ ಮಾಡಿದ್ದನ್ನು ಹೇಳಬೇಕೋ ಬೇಡವೋ. ನಿನ್ನ ನಿಮಿಷಗಳನ್ನೆಲ್ಲ ಕೂಡಿಸಿದೆ, ನನ್ನವನ್ನೂ ಕೂಡಿಸಿದೆ, ಅದೇ ಕೋಷ್ಟಕದ ಕೆಳಗೆ, ಹದಿನೈದನೆಯ ಸಾಲಾಗಿ. ಪಟ್ಟಿಯನ್ನು ಹೊಸ ಫೋನಿಗೆ ದಾಟಿಸದೆ ಬಿಟ್ಟುಬಿಟ್ಟರೆ ನಿನ್ನ ಹೆಸರು ಮೇಲೆ ಕಾಣುವುದಿಲ್ಲ, ಹುಡುಕಲು ತಿಳಿಯದೆ ಸುಮ್ಮನಾಗುತ್ತಾರೆ ಎಂದೂ ಒಂದು ಗಳಿಗೆ ಅನ್ನಿಸಿತು. ಪುಣೆಯಲ್ಲಿರುವ ನಿನ್ನ ಮೇಲೆ ಹೊಟ್ಟೆಯುರಿ, ಊರಿನಿಂದ ಅರುವತ್ತು ಎಪ್ಪತ್ತು ಕಿಲೋಮೀಟರ್ ದೂರದಲ್ಲಿರುವ ನನಗೆ.

ಏನು ಮಾತಾಡುತ್ತೀರಿ ಇಬ್ಬರೂ? ತೋಟದ ವಿಷಯವೇ? ಮಾರುವ ಮಾತೇನಾದರೂ? ಹಾಗಿದ್ದರೆ ಹೇಳಿಬಿಡು, ತಡೆದುಕೊಳ್ಳುತ್ತೇನೆ. ಹಾಗಲ್ಲದೆ ಬರೀ ಮಳೆ, ದನ, ಕ್ರಿಕೆಟ್ಟು ಎಂದೆಯೋ, ಅದು ಇನ್ನೂ ಕಷ್ಟ. ಅಪ್ಪಯ್ಯ 22 ನಿಮಿಷ ಮಳೆಯ ಬಗ್ಗೆ ಮಾತಾಡಬಲ್ಲರು ಎಂಬುದೇ ನನಗೆ ಗೊತ್ತಿರಲಿಲ್ಲ.

ಹೋಗಲಿ ಬಿಡು, ನಾಲ್ಕು ಜನ ಓದುತ್ತಿದ್ದಾರೆ, ಕೂಡಿಸಿದ ಮೊತ್ತವನ್ನು ಇಲ್ಲಿ ಹಾಕುವುದಿಲ್ಲ. ಪಟ್ಟಿ ದಾಟಿಸಿದ್ದೇನೆ, ಹೆದರಬೇಡ. ಮುಖಪುಟದಲ್ಲಿ ಟಾರ್ಚಿನ ಪಕ್ಕಕ್ಕೆ ನಿನ್ನದೊಂದು ಗುಂಡಿಯನ್ನೂ ಇಟ್ಟುಕೊಟ್ಟಿದ್ದೇನೆ. ಅದರ ಪಕ್ಕದಲ್ಲಿ ನನ್ನದು, ಸ್ವಲ್ಪವೇ ದೊಡ್ಡದು. ಬೀಗವನ್ನು ತೆಗೆಸಿಬಿಟ್ಟರು, ಕದಿಯುವವರಿಗೆ ಅಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು.

ಈ ಭಾನುವಾರ ಅವರ ದನಿ ಹೇಗೆ ಕೇಳಿಸಿತು ಎಂದು ತಿಳಿಸು. ಹದಿಮೂರು ಸಾಲುಗಳಿಗೂ ಅಂಕ ಕೊಟ್ಟಾಗಿದೆ, ಮೈಕಿನದೊಂದು ಖಾಲಿ ಇದೆ.

ನಿನ್ನ,
ಶಿವಮೊಗ್ಗ