ಹಿಮದ ನೆರಳಿಗೆ ಕಪ್ಪು ಬೇಡ: ಮೊನೆಯ ಒಂದು ಚಿತ್ರದ ಕುರಿತು ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆಯ ‘ಮ್ಯಾಗ್‌ಪೈ’ (ಅದೊಂದು ಕಪ್ಪು-ಬಿಳಿ ಹಕ್ಕಿಯ ಹೆಸರು) ಎಂಬ ಹಿಮದ ಚಿತ್ರವನ್ನು ನಕಲು ಮಾಡುತ್ತಿರುವುದಾಗಿಯೂ, ಹಿಮವೆಲ್ಲ ಬೂದಿ ಬಳಿದ ಹಾಗೆ ಕಾಣುತ್ತಿರುವುದಾಗಿಯೂ ಬರೆದಿದ್ದೀಯ. ಫೋಟೊ ನೋಡಿದೆ. ನೆರಳಿಗೆಂದು ಬಿಳಿಗೆ ಕಪ್ಪು ಬೆರೆಸಿದ್ದೀಯ, ಹಿಮ ಸತ್ತದ್ದು ಅಲ್ಲೇ. ಆ ಚಿತ್ರದಲ್ಲಿ ಬಿಸಿಲು ಬಿದ್ದ ಹಿಮವನ್ನೂ ನೆರಳಿನ ಹಿಮವನ್ನೂ ಬೇರೆ ಮಾಡುವುದು ಮುಖ್ಯವಾಗಿ ಬಣ್ಣ. ಕತ್ತಲೆಯ ಪಾಲು ಬಹಳ ಕಡಿಮೆ.

ಮೊನೆ ಇದನ್ನು ಬರೆದದ್ದು 1868-69ರ ಚಳಿಗಾಲದಲ್ಲಿ, ಫ್ರಾನ್ಸಿನ ನಾರ್ಮಂಡಿಯ ಎತ್ರೆತಾ ಊರಿನ ಆಸುಪಾಸಿನಲ್ಲಿ. ಆಗ ಅವನಿಗೆ 28 ವರ್ಷ. ಸಲೋಂ ಎಂಬ, ಪ್ಯಾರಿಸ್‌ನ ಅಧಿಕೃತ ಕಲಾಪ್ರದರ್ಶನದ 1869ರ ತೀರ್ಪುಗಾರರು ಇದನ್ನು ತಿರಸ್ಕರಿಸಿದರು. ಮೊನೆ ಮತ್ತವನ ಜೊತೆಗಾರರಿಗೆ ಅಂಟಿದ ‘ಇಂಪ್ರೆಷನಿಸ್ಟ್’ ಎಂಬ ಹೆಸರು ಹುಟ್ಟಲು ಇನ್ನೂ ಐದು ವರ್ಷ ಬಾಕಿ ಇತ್ತು. ಈಗ ಚಿತ್ರ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿದೆ. ಅಳತೆ 89×130 ಸೆಂ.ಮೀ. ನಿನ್ನ ಕ್ಯಾನ್ವಾಸನ್ನು 41×60ಕ್ಕೆ ಇಟ್ಟುಕೊಂಡರೆ ಅನುಪಾತ ಹೆಚ್ಚುಕಡಿಮೆ ಸರಿಹೋಗುತ್ತದೆ.

ಮೊದಲು ಬೆಳಕು ಎಲ್ಲಿಂದ ಬರುತ್ತಿದೆ ಎಂದು ನೋಡು. ಸೂರ್ಯ ತಡಿಕೆ ಬೇಲಿಯ ಆಚೆ, ತಗ್ಗಿನಲ್ಲಿದ್ದಾನೆ. ಹಾಗಾಗಿ ಬೇಲಿಯ ನೆರಳು ನಮ್ಮ ಕಡೆಗೆ ಚಾಚಿದೆ. ತಗ್ಗಿನ ಸೂರ್ಯನ ಬೆಳಕು ಹಳದಿ ಕಡೆಗೆ ವಾಲಿರುತ್ತದೆ. ಆ ಬೆಳಕು ತಲುಪದ ಜಾಗಕ್ಕೆ ಬೆಳಕು ಕೊಡುವುದು ಆಕಾಶ, ಆದ್ದರಿಂದ ಅಲ್ಲಿ ನೀಲಿ ಉಳಿಯುತ್ತದೆ. ಇದರ ಜೊತೆಗೆ ಕಣ್ಣೂ ತನ್ನ ಕೆಲಸ ಮಾಡುತ್ತದೆ: ಹಳದಿಯ ಪಕ್ಕದಲ್ಲಿಟ್ಟ ತಟಸ್ಥ ಬಣ್ಣ ನೇರಳೆಗೆ ತಿರುಗಿದಂತೆ ತೋರುತ್ತದೆ. ಇದನ್ನು ಫ್ರೆಂಚ್ ರಸಾಯನಶಾಸ್ತ್ರಜ್ಞ ಶೆವ್ರಲ್ 1839ರಲ್ಲೇ ವಿವರಿಸಿದ್ದ. ಹಿಮಕ್ಕಾಗಿ ನೀನು ಎಲ್ಲಿಗೂ ಹೋಗಬೇಕಿಲ್ಲ. ಮೋಡವಿಲ್ಲದ ದಿನ ಸಂಜೆ ನಾಲ್ಕೂವರೆ ಹೊತ್ತಿಗೆ ತಾರಸಿಯಲ್ಲಿ ಬಿಳಿ ಪಂಚೆ ಹರಡು, ಅದರ ಮೇಲೆ ಕುರ್ಚಿಯ ನೆರಳು ಬೀಳಲಿ. ರಟ್ಟಿಗೆ ಬಟಾಣಿಯಷ್ಟು ತೂತು ಮಾಡಿ ಅದರೊಳಗಿಂದ ನೆರಳನ್ನಷ್ಟೇ ನೋಡು. ‘ಇದು ಬಿಳಿ ಬಟ್ಟೆ’ ಎಂಬ ತಿಳಿವಳಿಕೆ ಬದಿಗೆ ಸರಿದೊಡನೆ ನೀಲಿ ಕಾಣುತ್ತದೆ. ಹತ್ತಿರ ಕೆಂಪು ಗೋಡೆಯಿದ್ದರೆ ಮಾತ್ರ ಅದರ ಛಾಯೆ ನೆರಳಿಗೆ ಹತ್ತಿ ಕೆಡಿಸುತ್ತದೆ.

ಈಗ ಬೆರಕೆಗೆ ಬರೋಣ. ನೆರಳಿಗೆ ಬಿಳಿ ಎಂಟು ಪಾಲು, ಕೋಬಾಲ್ಟ್ ನೀಲಿ ಒಂದು ಪಾಲು, ಮ್ಯಾಡರ್ ಕೆಂಪು ಕಾಲು ಪಾಲಿನಿಂದ ಶುರು ಮಾಡು. ತೀರಾ ಸಿಹಿ ನೀಲಿಯಾದರೆ ಚಿಟಿಕೆ ಓಕರ್ (ಮಣ್ಣಿನ ಹಳದಿ) ಹಾಕಿ ತಗ್ಗಿಸು. ಟ್ಯೂಬಿನ ಮೇಲೆ ಬಣ್ಣದ ಪುಡಿಯ ಸಂಕೇತ ಪಿಬಿ 28 (PB28) ಎಂದಿದ್ದರೆ ಅದು ನಿಜವಾದ ಕೋಬಾಲ್ಟ್. ‘ಹ್ಯೂ’ (Hue) ಎಂದಿದ್ದರೆ ಬೇರೆ ನೀಲಿಗಳ ಮಿಶ್ರಣ. ಅದರಲ್ಲಿ ಥ್ಯಾಲೊ ಎಂಬ ತೀರಾ ಗಾಢ ನೀಲಿ ಇದ್ದರೆ ಒಂದು ಪಾಲೂ ಹೆಚ್ಚೇ, ಅರ್ಧಕ್ಕಿಂತ ಕಡಿಮೆ ಸಾಕು. ಬಿಸಿಲಿನ ಹಿಮಕ್ಕೆ ಬಿಳಿಯ ದೊಡ್ಡ ಗುಡ್ಡೆಗೆ ಕಡ್ಡಿತುದಿಯಷ್ಟು ಕ್ಯಾಡ್ಮಿಯಂ ಹಳದಿ, ಅದಕ್ಕಿಂತ ಕಡಿಮೆ ವರ್ಮಿಲಿಯನ್ ಕೆಂಪು. ಮೊನೆಯ ಕಾಲದವರು ಬಳಸುತ್ತಿದ್ದ ಸೀಸದ ಬಿಳಿ ತುಸು ಬೆಚ್ಚಗಿನದು. ಸೀಸ ವಿಷ, ಅದರ ಗೋಜು ನಿನಗೆ ಬೇಡ. ನಮ್ಮ ಟೈಟಾನಿಯಂ ಬಿಳಿ ತಣ್ಣಗಿನದು, ಜೊತೆಗೆ ಬೆರೆತ ಬಣ್ಣವನ್ನೆಲ್ಲ ನುಂಗುತ್ತದೆ. ಹಾಗಾಗಿ ಬಿಸಿಲಿನ ಭಾಗಕ್ಕೆ ಅದನ್ನು ಬರಿದಾಗಿ ಹಚ್ಚಲೇಬೇಡ.

ಎಲ್ಲರೂ ಎಡವುವ ಜಾಗ ಬಿಸಿಲು-ನೆರಳಿನ ಅಂಚು. ಹಸಿ ನೀಲಿಯ ಮೇಲೆ ಹಸಿ ಹಳದಿ ಉಜ್ಜಿದರೆ ಹಿಮಕ್ಕೆ ಹಸಿರು ಹತ್ತುತ್ತದೆ. ನೆರಳನ್ನು ಮೊದಲು ತೆಳ್ಳಗೆ ಹಚ್ಚು. ಬಿಸಿಲಿನ ಬಣ್ಣಕ್ಕೆ ಬೇರೆಯೇ ಬ್ರಷ್ ಇರಲಿ. ಬಣ್ಣವನ್ನು ದಪ್ಪಗೆ ತೆಗೆದುಕೊಂಡು ಒಮ್ಮೆ ಇಟ್ಟು ಎತ್ತು, ಮತ್ತೆ ಅದರ ಮೇಲೆ ಕೈಯಾಡಿಸಬೇಡ. ನಾಲ್ಕೈದು ಸಲ ಇಟ್ಟ ಮೇಲೆ ಬಟ್ಟೆಯಿಂದ ಬ್ರಷ್ ಒರೆಸು. ಆದರೂ ಹಸಿರು ಬಂದರೆ ತಿದ್ದಲು ಹೋಗದೆ ಚಾಕುವಿನಿಂದ ಕೆರೆದು ತೆಗೆ. ಅಂಚನ್ನು ಸ್ಕೇಲಿಟ್ಟ ಹಾಗೆ ಗೆರೆ ಎಳೆಯಲೂಬೇಡ, ಕೆಳಗಿನ ಹಿಮ ಉಬ್ಬುತಗ್ಗಾಗಿದೆ, ನೆರಳೂ ಅದರಂತೆ ಬಾಗಬೇಕು.

ಈ ಚಿತ್ರದಲ್ಲಿ ನನಗೆ ತುಂಬ ಪ್ರೀತಿಯದ್ದು ಅದರ ಸಂಕೋಚ. ಕ್ಯಾನ್ವಾಸಿನ ಬಹುಭಾಗ ತೆಳು ಬಣ್ಣಗಳಲ್ಲೇ ನಡೆಯುತ್ತದೆ. ಅಚ್ಚ ಬಿಳಿಯನ್ನು ಹತ್ತು, ಅಚ್ಚ ಕಪ್ಪನ್ನು ಒಂದು ಎಂದುಕೊಂಡರೆ ಬಿಸಿಲಿನ ಹಿಮಕ್ಕೆ ಒಂಬತ್ತು, ನೆರಳಿಗೆ ಏಳು ಕೊಡು. ಐದಕ್ಕಿಳಿಸಿದರೆ ಮುಸ್ಸಂಜೆಯಾಗಿಬಿಡುತ್ತದೆ. ಎಡಕ್ಕೆ ಏಣಿಯಂಥ ಮರದ ಗೇಟಿನ ಮೇಲೆ ಕೂತ ಕಪ್ಪು-ಬಿಳಿ ಹಕ್ಕಿಯನ್ನು ಹೆಬ್ಬೆರಳಿಂದ ಮುಚ್ಚಿ ನೋಡು: ಹಿಮದ ಹೊಳಪು ತಗ್ಗುತ್ತದೆ. ಆ ಒಂದು ಚುಕ್ಕೆ ಕಪ್ಪಿನಿಂದಲೇ ಉಳಿದ ಬೆಳಕಿಗೆ ಅಳತೆ ಸಿಕ್ಕಿದೆ. ಮನುಷ್ಯರಿಲ್ಲದ ಆ ಅಂಗಳದ ಮೌನ ಅನುಭವಕ್ಕೆ ಬರುವುದೂ ಯಾವ ಗಳಿಗೆಯಲ್ಲಾದರೂ ಹಾರಿಹೋಗಬಹುದಾದ ಆ ಜೀವ ಅಲ್ಲಿ ಕೂತಿರುವುದರಿಂದ. ಹಾಗಾಗಿ ಹಕ್ಕಿಯನ್ನು ಕೊನೆಗೆ ಬರೆ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಅಂಬರ್ ಕಂದು ಸೇರಿಸಿದರೆ ಸಾಕಷ್ಟು ಗಾಢವಾಗುತ್ತದೆ. ಗರಿ ಗರಿ ಬಿಡಿಸಬೇಡ.

ಮುಂದಿನ ಸಲ ಫೋಟೊ ತೆಗೆಯುವಾಗ ಫೋನಿನ ಆಟೊ ವೈಟ್ ಬ್ಯಾಲೆನ್ಸ್ (ಬಣ್ಣವನ್ನು ತಾನೇ ಸರಿದೂಗಿಸುವ ಸೌಲಭ್ಯ) ಆಫ್ ಮಾಡು. ಅದು ನೀಲಿಯನ್ನು ತಪ್ಪೆಂದು ತಿಳಿದು ತಿದ್ದಿಬಿಡುತ್ತದೆ. ಕ್ಯಾನ್ವಾಸಿನ ಪಕ್ಕ ಒಂದು ಬಿಳಿ ಹಾಳೆ ಇಟ್ಟು, ಎರಡೂ ಕಾಣುವಂತೆ ತೆಗೆದು ಕಳಿಸು.

ನಿನ್ನ ಗೆಳೆಯ