ಗ್ರೀನ್ ಕಾರ್ಡ್ ಸಾಲಿನ ಬಗ್ಗೆಯೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ (ಪರಿಣತ ಕೆಲಸಗಾರರಿಗೆ ಕೊಡುವ ತಾತ್ಕಾಲಿಕ ಕೆಲಸದ ವೀಸಾ) ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಹಾಕಿದಾಗಿನಿಂದ ವೀಸಾ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಬರಲಿ. ಆದರೆ ಈಗಾಗಲೇ ಇಲ್ಲಿ ಅಮೆರಿಕಕ್ಕೆ ಬಂದು, ತೆರಿಗೆ ಕಟ್ಟಿಕೊಂಡು, ವರ್ಷಗಟ್ಟಲೆ ಗ್ರೀನ್ ಕಾರ್ಡಿಗೆ, ಅಂದರೆ ಇಲ್ಲೇ ಕಾಯಂ ಆಗಿ ನೆಲೆಸುವ ಪರವಾನಗಿಗೆ, ಕಾಯುತ್ತಿರುವವರ ಪಾಡು ಅದರಲ್ಲಿ ಕಾಣುವುದೇ ಇಲ್ಲ. ನಾನೂ ಆ ಸಾಲಿನಲ್ಲಿ ನಿಂತವನು.

ಉದ್ಯೋಗದ ಮೇಲೆ ಸಿಗುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಹೆಂಡತಿ ಮಕ್ಕಳೂ ಅದರಲ್ಲೇ ಲೆಕ್ಕ. ಒಂದೊಂದು ದೇಶಕ್ಕೆ ಸಾಮಾನ್ಯವಾಗಿ ಶೇ 7ರ ಮಿತಿ, ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡಿಗೂ ಅಷ್ಟೇ. ಓದೆಷ್ಟು, ಅನುಭವವೆಷ್ಟು ಅಂತ ಕೇಳಿ ಒಳಗೆ ಬಿಟ್ಟುಕೊಂಡವರು, ಉಳಿಸಿಕೊಳ್ಳುವಾಗ ಮಾತ್ರ ಎಲ್ಲಿ ಹುಟ್ಟಿದೆ ಅಂತ ನೋಡುತ್ತಾರೆ. ಇದು ಅನ್ಯಾಯ ಅಲ್ವಾ?

ನನ್ನ ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿ ನನ್ನ ಜಾಗ ಗೊತ್ತುಮಾಡುವ ದಿನಾಂಕ, 2016ರದ್ದು. ಯಾವ ದಿನಾಂಕದವರೆಗಿನವರ ಸರದಿ ಬಂದಿದೆ ಅಂತ ಅಮೆರಿಕ ಸರ್ಕಾರ ತಿಳಿಸುವ ವೀಸಾ ಬುಲೆಟಿನ್ ತಿಂಗಳಿಗೊಮ್ಮೆ ಬಂದಾಗ ನಾನೂ ಹೆಂಡತಿಯೂ ಒಂದೇ ಫೋನಿಗೆ ತಲೆ ಬಗ್ಗಿಸಿ ಇಂಡಿಯಾ ಕಾಲಂ ಹುಡುಕುತ್ತೇವೆ. ಅಲ್ಲಿನ ದಿನಾಂಕ ಕೆಲವು ಸಲ ಎರಡು ವಾರ ಮುಂದೆ ಹೋಗಿರುತ್ತದೆ, ಕೆಲವು ಸಲ ಹಿಂದಕ್ಕೇ ಬಂದಿರುತ್ತದೆ.

ಎರಡು ವರ್ಷದ ಹಿಂದೆ ಕಂಪನಿಯವರು ನಮ್ಮ ಇಡೀ ಟೀಮನ್ನೇ ತೆಗೆದರು. ನಾವು ಎಚ್-1ಬಿಯವರು, ಕೆಲಸ ಹೋದರೆ 60 ದಿನದೊಳಗೆ ಬೇರೆ ಕಂಪನಿ ನಮ್ಮ ಹೆಸರಲ್ಲಿ ಅರ್ಜಿ ಹಾಕಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಮಗಳು ಗೋಡೆಯ ಕ್ಯಾಲೆಂಡರ್‌ನಲ್ಲಿ ಅರವತ್ತನೇ ದಿನಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿಟ್ಟಿದ್ದಳು. ನಾವು ಯಾರೂ ಹೇಳಿರಲಿಲ್ಲ. ನನ್ನ ಅರ್ಜಿ ಹೋಗಿದ್ದು 52ನೇ ದಿನ. ಅವಳಿಗೀಗ 17. ಇಪ್ಪತ್ತೊಂದು ತುಂಬಿತೆಂದರೆ ನಮ್ಮ ವೀಸಾದ ಆಸರೆಯೂ ಅವಳಿಗಿಲ್ಲ.

ಅದೇ ಟೀಮಿನ ಗೆಳೆಯನಿಗೆ ಸ್ವಂತ ಕಂಪನಿ ಶುರು ಮಾಡುವ ಆಸೆಯಿತ್ತು, ದುಡ್ಡು ಹಾಕುವವರೂ ಸಿಕ್ಕಿದ್ದರು. 2025ರ ಜನವರಿಯಲ್ಲಿ ಬಂದ ನಿಯಮದಂತೆ ಸ್ವಂತ ಕಂಪನಿಯಿಂದಲೇ ಎಚ್-1ಬಿ ಪಡೆಯಬಹುದು, ಆದರೆ ಮೊದಲಿಗೆ ಸಿಗುವುದು ಹೆಚ್ಚೆಂದರೆ 18 ತಿಂಗಳು. ಅಷ್ಟರಲ್ಲಿ ಕಂಪನಿ ಕಾಲೂರದಿದ್ದರೆ? ಮನೆಯಲ್ಲಿ ಎರಡು ಸಣ್ಣ ಮಕ್ಕಳು. ಬೇಡ ಅಂದುಬಿಟ್ಟ. ನಾಲ್ಕು ಜನಕ್ಕೆ ಕೆಲಸ ಕೊಡಬಲ್ಲವನು ಈಗ ಇನ್ನೊಬ್ಬರ ಕೈಕೆಳಗೆ ಕೂತಿದ್ದಾನೆ. ನನಗೆ ತುಂಬಾ ಸಂಕಟವಾಗುವುದು ಇದಕ್ಕೇ.

ದೇಶವಾರು ಮಿತಿ ತೆಗೆಯುವ ಮಸೂದೆಯನ್ನು 2019ರಲ್ಲಿ ಅಮೆರಿಕದ ಕೆಳಮನೆ ಒಪ್ಪಿತ್ತು. 2020ರ ಡಿಸೆಂಬರ್‌ನಲ್ಲಿ ಮೇಲ್ಮನೆ ಸೆನೆಟ್ ಕೂಡ ಒಪ್ಪಿತು, ಆದರೆ ಬೇರೆ ರೂಪದಲ್ಲಿ. ಎರಡೂ ಒಂದಾಗಲಿಲ್ಲ, ಅಲ್ಲಿಗೇ ನಿಂತಿತು. ಅಷ್ಟು ಹತ್ತಿರ ಬಂದ ಮಾತನ್ನು ಮತ್ತೆ ಎತ್ತಿ ಅಂತ ನಮ್ಮ ಸಂಸದರನ್ನು, ವಿದೇಶಾಂಗ ಸಚಿವಾಲಯವನ್ನು ನಿಮ್ಮ ಪತ್ರಿಕೆ ಕೇಳಬೇಕು. ದಯವಿಟ್ಟು ಕೇಳಿ.

– ಅಮೆರಿಕದಿಂದ ಒಬ್ಬ ಓದುಗ