‘ಆಕ್ಸ್’ ಎಂದವರನ್ನು ಕಂಡು ನಗಬೇಡಿ

ಮಾನ್ಯ ಸಂಪಾದಕರೇ,

ನನ್ನ ಮಗಳು ಈಚೆಗೆ ಬೆಂಗಳೂರಿನ ಕಾಲ್ ಸೆಂಟರ್ ಒಂದಕ್ಕೆ ಸೇರಿದ್ದಾಳೆ. ಅಮೆರಿಕದ ಗ್ರಾಹಕರ ಜೊತೆ ಮಾತಾಡುವ ಕೆಲಸ. ‘ಕೇಳು’ ಎಂಬ ಅರ್ಥದ ‘ಆಸ್ಕ್’ ಅನ್ನುವ ಕಡೆ ‘ಆಕ್ಸ್’ ಅನ್ನುವವರು ಓದುಬರಹ ಇಲ್ಲದವರು ಎಂದು ತರಬೇತಿಯಲ್ಲಿ ಹೇಳಿದರಂತೆ. ಕ್ಲಾಸಿನಲ್ಲಿ ಎಲ್ಲರೂ ನಕ್ಕರಂತೆ. ವರ್ಷಗಟ್ಟಲೆ ಇಂಗ್ಲಿಷ್ ಪಾಠ ಮಾಡಿದ ನನಗೆ ಇದನ್ನು ಕೇಳಿ ತುಂಬಾ ಬೇಜಾರಾಯಿತು.

‘ಆಕ್ಸ್’ ಯಾರೋ ನಾಲಿಗೆ ತಿರುಗದೆ ಕೆಡಿಸಿದ ಮಾತಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೇ ‘ಆಸ್ಕಿಯನ್’, ‘ಆಕ್ಸಿಯನ್’ ಎರಡೂ ಇದ್ದವು. ಹದಿನಾಲ್ಕನೇ ಶತಮಾನದ ಇಂಗ್ಲಿಷ್ ಕವಿ ಚಾಸರ್ ‘ಆಕ್ಸ್’ ಎಂದು ಬರೆದಿದ್ದಾನೆ. 1535ರಲ್ಲಿ ಅನುವಾದಕ ಕವರ್‌ಡೇಲ್ ಅಚ್ಚು ಹಾಕಿಸಿದ ಇಂಗ್ಲಿಷ್ ಬೈಬಲ್‌ನಲ್ಲಿ ‘ಬೇಡಿಕೊಳ್ಳಿರಿ, ನಿಮಗೆ ಸಿಗುವುದು’ ಎಂಬ ಯೇಸುವಿನ ಮಾತು ಶುರುವಾಗುವುದೇ ‘ಆಕ್ಸ್’ನಿಂದ.

ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್‌ಟನ್ 1490ರಲ್ಲಿ ಒಂದು ಪ್ರಸಂಗ ಬರೆದಿದ್ದಾನೆ. ಥೇಮ್ಸ್ ನದಿಯಲ್ಲಿ ಹಡಗು ಹತ್ತಿದ ವ್ಯಾಪಾರಿಗಳು ಗಾಳಿಯಿಲ್ಲದೆ ದಡದಲ್ಲೇ ಉಳಿದರು. ಅವರಲ್ಲೊಬ್ಬ ಒಂದು ಮನೆಗೆ ಹೋಗಿ ‘ಎಗ್ಸ್’ ಕೊಡಿ ಎಂದ. ಮನೆಯಾಕೆ, ನನಗೆ ಫ್ರೆಂಚ್ ಬರೋದಿಲ್ಲ ಎಂದಳು! ಅವನಿಗೆ ಸಿಟ್ಟು ಬಂತು, ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ. ಕೊನೆಗೆ ಇನ್ನೊಬ್ಬ ‘ಐರೆನ್’ ಎಂದಾಗ ಆಕೆಗೆ ಅರ್ಥವಾಯಿತು. ಮೊಟ್ಟೆಗೇ ಎರಡು ಹೆಸರು, ಯಾವುದನ್ನು ಬರೆಯಲಿ ಎಂದು ಕ್ಯಾಕ್ಸ್‌ಟನ್ ಪೇಚಾಡುತ್ತಾನೆ. ನನಗೆ ಮಾತ್ರ ಅದಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬಿದ್ದದ್ದು ಬೇರೆ. ವ್ಯಾಪಾರಿ ‘ಕೇಳಿದ’ ಎನ್ನಲು ಕ್ಯಾಕ್ಸ್‌ಟನ್ ಬರೆದಿರುವುದು ‘ಆಕ್ಸ್‌ಡ್’ ಎಂದೇ.

1600ರ ಹೊತ್ತಿಗೆ ಪುಸ್ತಕದ ಭಾಷೆಯಲ್ಲಿ ‘ಆಸ್ಕ್’ ಗೆದ್ದಿತು. ‘ಆಕ್ಸ್’ ಊರುಗಳ ಆಡುಮಾತಿನಲ್ಲಿ ಉಳಿಯಿತು, ವಲಸೆ ಹೋದವರ ಜೊತೆ ಸಮುದ್ರ ದಾಟಿತು. ಇವತ್ತು ಅಮೆರಿಕದ ಕಪ್ಪು ಜನರಲ್ಲಿ, ಕೆರಿಬಿಯನ್ ದ್ವೀಪಗಳಲ್ಲಿ ಅದು ಜಾಸ್ತಿ ಕೇಳಿಸುತ್ತದೆ. ಚಾಸರ್ ಬರೆದರೆ ಸಾಹಿತ್ಯ, ಅವರು ಆಡಿದರೆ ತಪ್ಪು ಅನ್ನುವುದು ಯಾವ ನ್ಯಾಯ?

ನಮ್ಮಲ್ಲೂ ಎಷ್ಟೋ ಜನ ಡೆಸ್ಕಿಗೆ ‘ಡೆಕ್ಸ್’ ಅನ್ನುತ್ತಾರೆ. ಕೊರೊನಾ ಕಾಲದಲ್ಲಿ ‘ಮಾಕ್ಸ್ ಹಾಕ್ಕೊಳ್ಳಿ’ ಎಂಬ ಮಾತನ್ನು ಬೀದಿ ಬೀದಿಯಲ್ಲಿ ಕೇಳಿದ್ದೇವೆ, ಅಲ್ವಾ? ಸಕಾರ ಕಕಾರ ಜಾಗ ಬದಲಿಸುವುದು ಅಲ್ಲೂ ಇದೆ, ಇಲ್ಲೂ ಇದೆ.

ಕಾಲ್ ಸೆಂಟರ್ ತರಬೇತಿ ಕೊಡುವವರಲ್ಲಿ ನನ್ನ ಕೋರಿಕೆ ಇಷ್ಟೇ. ‘ಆಕ್ಸ್’ ಅಂದರೆ ‘ಆಸ್ಕ್’ ಎಂದು ಮಕ್ಕಳಿಗೆ ಹೇಳಿಕೊಡಿ. ಜೊತೆಗೆ ಅದು ಎಲ್ಲಿಂದ ಬಂತು ಅನ್ನುವುದನ್ನೂ ಹೇಳಿ. ಅದಕ್ಕೆ ಐದು ನಿಮಿಷ ಸಾಕು.

– ನಿವೃತ್ತ ಇಂಗ್ಲಿಷ್ ಶಿಕ್ಷಕ, ತುಮಕೂರು